ಅಡಿಗೆಕಟ್ಟೆಗೆ ಯಾವ ಕಲ್ಲು?

ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೆ ಕಲ್ಲಿನ ಗುಣವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಮೃತಶಿಲೆಯ ಮೇಜಿನ ಮೇಲೆ ನಿಂಬೆಯ ರಸ ಬಿದ್ದರೆ ಹೊಳಪು ಹೇಗೆ ಮಾಸುವುದೆಂಬುದನ್ನು ಅವರು ಕಣ್ಣಾರೆ ಕಂಡವರು. ಆದರೆ ಹಲವು ವರ್ಷಗಳ ಉಳಿತಾಯದಿಂದ ಚೆನ್ನೈಯಲ್ಲಿ ಸಣ್ಣದೊಂದು ಫ್ಲಾಟನ್ನು ಕೊಂಡಾಗಲೋ, ಊರಿನ ಮನೆಯನ್ನು ದುರಸ್ತಿ ಮಾಡಿಸುವಾಗಲೋ, ಅಂಗಡಿಯವನು ‘ಸಿಂಟರ್ಡ್ ಸ್ಟೋನ್’ ಎಂದೊಡನೆ ಅನುಭವಸ್ಥರೂ ತಬ್ಬಿಬ್ಬಾಗುವುದುಂಟು. ಆದುದರಿಂದ ಇದರ ಗುಣದೋಷಗಳನ್ನು ಇಲ್ಲಿ ವಿಚಾರ ಮಾಡಿದ್ದೇವೆ.

ಇದು ಗಣಿಯಿಂದ ಕಡಿದು ತಂದ ಕಲ್ಲಲ್ಲ. ಜೇಡಿ, ಫೆಲ್ಡ್‌ಸ್ಪಾರ್, ಸಿಲಿಕಾ ಮೊದಲಾದ ಖನಿಜಗಳ ಪುಡಿಯನ್ನು ಭಾರಿ ಒತ್ತಡದಲ್ಲಿ ಅದುಮಿ, ಸುಮಾರು 1200 ಡಿಗ್ರಿ ಸೆಲ್ಸಿಯಸ್ ಉಷ್ಣದಲ್ಲಿ ಸುಟ್ಟು ಮಾಡಿದ ಚಪ್ಪಡಿ. ಗುಜರಾತಿನ ಮೋರ್ಬಿಯಲ್ಲಿಯೂ ಇದು ತಯಾರಾಗುತ್ತದೆ. ಅಂಗಡಿಯಲ್ಲಿ ಪಕ್ಕದಲ್ಲೇ ಇರುವ ಕ್ವಾರ್ಟ್ಜ್ ಚಪ್ಪಡಿ ಬೇರೆ. ಅದನ್ನು ರಾಳದಿಂದ ಅಂಟಿಸಿರುತ್ತಾರೆ. ಒಲೆಯಿಂದಿಳಿಸಿದ ಬಾಣಲೆಯನ್ನು ಇಟ್ಟರೆ ಆ ರಾಳ ಕಂದಬಹುದು. ಸಿಂಟರ್ಡ್ ಕಲ್ಲಿನಲ್ಲಿ ರಾಳವಿಲ್ಲದ ಕಾರಣ ಅದು ಬಿಸಿಯನ್ನು ಚೆನ್ನಾಗಿ ತಾಳುತ್ತದೆ. ನೀರನ್ನೂ ಎಣ್ಣೆಯನ್ನೂ ಬಹುಮಟ್ಟಿಗೆ ಹೀರುವುದಿಲ್ಲ. ಚೆನ್ನೈಯ ಹಳೆಯ ಮನೆಗಳಲ್ಲಿರುವ ಕಡಪಾ ಕಲ್ಲು ಸುಣ್ಣಶಿಲೆಯಾದುದರಿಂದ ಹುಣಿಸೆಯ ಹುಳಿಗೆ ಕಳೆಗುಂದುತ್ತದೆ. ಸಿಂಟರ್ಡ್ ಕಲ್ಲಿಗೆ ಆ ಭಯವಿಲ್ಲ.

ಹಾಗೆಂದು ದೋಷಗಳಿಲ್ಲವೆಂದಲ್ಲ. ಇದರ ಅಂಚು ಅತಿ ಸೂಕ್ಷ್ಮ. ಭಾರವಾದ ಕುಕ್ಕರ್ ತಗುಲಿದರೆ ಚಕ್ಕೆ ಏಳಬಹುದು. ಬಣ್ಣದ ಗೆರೆಗಳು ಮೇಲ್ಮೈಯಲ್ಲಿ ಮಾತ್ರ ಮುದ್ರಿತವಾಗಿದ್ದರೆ ಚಕ್ಕೆ ಹೋದಲ್ಲಿ ಒಳಗಿನ ಬೇರೆ ಬಣ್ಣ ಕಾಣಿಸಿಕೊಳ್ಳುತ್ತದೆ. ಕೊಳ್ಳುವ ಮೊದಲು ಕತ್ತರಿಸಿದ ತುಣುಕೊಂದನ್ನು ಕೇಳಿ ನೋಡತಕ್ಕದ್ದು. ಕಟ್ಟೆಗೆ 12 ಅಥವಾ 20 ಮಿಲಿಮೀಟರ್ ದಪ್ಪದ ಚಪ್ಪಡಿ ಉಚಿತ. 6 ಮಿಲಿಮೀಟರಿನದು ಗೋಡೆಗೆ ಸಾಕು. ಅಡಿಯ ಆಧಾರ ಸಮತಟ್ಟಾಗಿರಬೇಕು. ತೊಟ್ಟಿಗಾಗಿ ಕತ್ತರಿಸುವ ಜಾಗದ ಮೂಲೆಗಳು ದುಂಡಾಗಿರಬೇಕು. ಚೂಪಾದ ಮೂಲೆಯಿಂದಲೇ ಬಿರುಕು ಹುಟ್ಟುವುದು. ತರಕಾರಿಯನ್ನು ಮಣೆಯ ಮೇಲೆಯೇ ಹೆಚ್ಚಬೇಕು. ಇಲ್ಲವಾದರೆ ಕೆಡುವುದು ಕಲ್ಲಲ್ಲ, ಚೂರಿ. ತೆಂಗಿನಕಾಯಿಯನ್ನು ಮಾತ್ರ ಎಂದಿಗೂ ಇದರ ಮೇಲೆ ಒಡೆಯಕೂಡದು.

ಇನ್ನೊಂದು ಮಾತು ಹಣಕ್ಕಿಂತ ಮಿಗಿಲಾದುದು. ಕಲ್ಲನ್ನು ಒಣಗಿದಂತೆಯೇ ಕೊಯ್ದಾಗ ಏಳುವ ಸಿಲಿಕಾ ಧೂಳು ಕೆಲಸಗಾರನ ಶ್ವಾಸಕೋಶವನ್ನು ಹೊಕ್ಕು ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ಈ ಕಾರಣದಿಂದಲೇ ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ರಾಳದ ಕ್ವಾರ್ಟ್ಜ್ ಚಪ್ಪಡಿಗಳನ್ನು ನಿಷೇಧಿಸಿತು. ಸಿಂಟರ್ಡ್ ಕಲ್ಲು ಆ ನಿಷೇಧಕ್ಕೆ ಒಳಪಡದಿದ್ದರೂ ಅದರಲ್ಲಿಯೂ, ಗ್ರಾನೈಟಿನಲ್ಲಿಯೂ ಸಿಲಿಕಾ ಇದ್ದೇ ಇದೆ. ಆದುದರಿಂದ ನೀರು ಹಾಯಿಸುತ್ತ ಕೊಯ್ಯುವಂತೆ ಮೊದಲೇ ಕರಾರು ಮಾಡಿಕೊಳ್ಳಬೇಕು. ಮಕ್ಕಳಿರುವ ಮನೆಯೊಳಗೆ ಕೊಯ್ಯಲು ಬಿಡಲೇಬಾರದು. ಅಡಿಗೆಮನೆಯ ಹೊಗೆಯಲ್ಲಿ ದುಡಿದ ನಮ್ಮವರಿಗೆ ಉಸಿರಿನ ಬೆಲೆ ಗೊತ್ತು. ನಮ್ಮ ಕಟ್ಟೆಯ ಅಂದಕ್ಕಾಗಿ ಇನ್ನೊಬ್ಬ ಕೂಲಿಯವನ ಉಸಿರು ಹೋಗಬಾರದು.

ಬಾಡಿಗೆಯ ಮನೆಯಲ್ಲಿರುವವರು ಈ ವೆಚ್ಚಕ್ಕೆ ಕೈಹಾಕುವುದು ಬೇಡ. ಸ್ವಂತ ಮನೆಯವರೂ ನುರಿತ ಕೆಲಸಗಾರ ದೊರೆತರೆ ಮಾತ್ರ ಸಿಂಟರ್ಡ್ ಕಲ್ಲನ್ನು ಆರಿಸಲಿ. ಇಲ್ಲವಾದರೆ ಚಾಮರಾಜನಗರದ ಕರಿಗಲ್ಲೋ, ಇಳಕಲ್ಲಿನ ಕೆಂಪು ಕಲ್ಲೋ ಇಂದಿಗೂ ಬಿಸಿಗೂ ಹುಳಿಗೂ ಜಗ್ಗದೆ ನಿಲ್ಲತಕ್ಕವೇ. ಹೊಸ ಹೆಸರಿಗೆ ಮರುಳಾಗಿ ಸಾಲ ಮಾಡುವುದಕ್ಕಿಂತ, ಇರುವ ಹಣಕ್ಕೆ ಒಪ್ಪುವ ಕಲ್ಲನ್ನು ಒಳ್ಳೆಯ ಕೈಯಿಂದ ಕೂಡಿಸುವುದೇ ಜಾಣತನವೆಂದು ನಾವು ತಿಳಿದಿದ್ದೇವೆ.