ಗ್ಯಾರೇಜಿನ ಗಾಳಿಗೆ ನೀರಿನ ಪೈಪು ಸಲ್ಲದು

ಮುಂಡರಗಿ: ಪಟ್ಟಣದ ಮುಖ್ಯ ರಸ್ತೆಯಲ್ಲಿರಲಿ, ಡಂಬಳ, ಹಮ್ಮಿಗಿಯಂಥ ಊರುಗಳಲ್ಲಿರಲಿ, ಪಂಕ್ಚರ್ ಅಂಗಡಿ ತೆರೆಯುವವನಿಗೆ ಮೊದಲು ಬೇಕಾಗುವ ಯಂತ್ರ ಕಂಪ್ರೆಸರ್. ಟ್ರ್ಯಾಕ್ಟರ್, ಬೈಕ್‌ಗಳನ್ನು ಮನೆಯಲ್ಲೇ ದುರಸ್ತಿ ಮಾಡಿಕೊಳ್ಳುವವರ ಹಿತ್ತಲಿನ ತಗಡಿನ ಶೆಡ್ಡಿಗೂ ಈಗ ಅದು ಬಂದಿದೆ. ಯಂತ್ರವನ್ನು ನಾಲ್ಕು ಕಡೆ ವಿಚಾರಿಸಿ ಕೊಳ್ಳುವವರು ಅದರಿಂದ ಗಾಳಿ ಒಯ್ಯುವ ಪೈಪಿನ ಬಗ್ಗೆ ಅಷ್ಟು ಯೋಚಿಸುವುದಿಲ್ಲ. ಹೊಲದ ಕೊಳವೆಬಾವಿಗೆಂದು ತಂದು ಉಳಿದ ಪಿವಿಸಿ ಪೈಪು ಹೇಗೂ ಮನೆಯಲ್ಲಿ ಬಿದ್ದಿರುತ್ತದೆ. ಕತ್ತರಿಸಿ, ಸಲ್ಯೂಷನ್ ಹಚ್ಚಿ, ಎಲ್ಬೊ ಕೂಡಿಸಿದರೆ ಅರ್ಧ ದಿನದಲ್ಲಿ ಲೈನ್ ಸಿದ್ಧ. ಅಪಾಯ ಇರುವುದು ಇಲ್ಲಿಯೇ.

ಪೈಪಿನ ಮೇಲೆ 10 ಕೆ.ಜಿ. ಎಂದು ಅಚ್ಚು ಇದೆ, ಕಂಪ್ರೆಸರ್ 8 ಕೆ.ಜಿ.ಗೆ ತಾನಾಗಿ ನಿಲ್ಲುತ್ತದೆ, ಹೆದರಿಕೆ ಯಾತಕ್ಕೆ ಎಂಬುದು ಸಾಮಾನ್ಯ ವಾದ. ಲೆಕ್ಕ ಸರಿಯಾಗಿ ಕಂಡರೂ ಅದು ಗಾಳಿಗೆ ಹೊಂದುವ ಲೆಕ್ಕವಲ್ಲ. ಈ ಪೈಪುಗಳ ಮೇಲಿರುವ ಐಎಸ್ 4985 ಎಂಬ ಗುರುತು ನೀರು ಪೂರೈಕೆಯ ಕೊಳವೆಗಳ ಮಾನದಂಡದ್ದು. ಪ್ರತಿ ಚದರ ಸೆಂಟಿಮೀಟರಿಗೆ ಇಷ್ಟು ಕೆ.ಜಿ. ಎಂದು ಅದರಲ್ಲಿ ಹೇಳಿರುವ ಒತ್ತಡ ನೀರಿಗಾಗಿ, ಅದೂ 27 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಹೇಳಿದ್ದು.

ನೀರಿಗೂ ಗಾಳಿಗೂ ಇರುವ ವ್ಯತ್ಯಾಸ ಒತ್ತಡದಲ್ಲಿಲ್ಲ, ಕುಗ್ಗುವ ಗುಣದಲ್ಲಿದೆ. 8 ಕೆ.ಜಿ. ಒತ್ತಡ ಹಾಕಿದರೂ ನೀರು ಎರಡು ಸಾವಿರದಲ್ಲಿ ಒಂದು ಪಾಲಿನಷ್ಟೂ ಕುಗ್ಗುವುದಿಲ್ಲ. ನೀರಿನ ಪೈಪು ಒಡೆದರೆ ಒಂದಿಷ್ಟು ನೀರು ಚಿಮ್ಮಿ, ಒತ್ತಡ ಕ್ಷಣದಲ್ಲಿ ಇಳಿದುಹೋಗುತ್ತದೆ. ಅದೇ ಒತ್ತಡದಲ್ಲಿ ಗಾಳಿಯು ತನ್ನ ಮೂಲ ಗಾತ್ರದ ಒಂಬತ್ತನೇ ಒಂದು ಭಾಗಕ್ಕೆ ಅಡಕವಾಗಿ, ಬಿಗಿದ ಸ್ಪ್ರಿಂಗ್‌ನಂತೆ ಕುಳಿತಿರುತ್ತದೆ. 200 ಲೀಟರ್ ಟ್ಯಾಂಕಿನಲ್ಲಿ 8 ಕೆ.ಜಿ. ಒತ್ತಡದಲ್ಲಿ ಸಂಗ್ರಹವಾಗುವ ಶಕ್ತಿಯು ಒಂದು ಟನ್ ಭಾರವನ್ನು ಸುಮಾರು 20 ಮೀಟರ್ ಎತ್ತರಕ್ಕೆ ಎತ್ತಲು ಬೇಕಾಗುವಷ್ಟು. ಪೈಪು ಒಡೆದಾಗ ಈ ಶಕ್ತಿ ಅಲ್ಲಿಂದಲೇ ಹೊರಗೆ ನುಗ್ಗುತ್ತದೆ.

ಒಡೆಯುವ ರೀತಿಯೂ ಮುಖ್ಯ. ಉಕ್ಕು, ತಾಮ್ರದ ಕೊಳವೆಗಳು ಸಾಮಾನ್ಯವಾಗಿ ಮೊದಲು ಸೋರುತ್ತವೆ ಇಲ್ಲವೇ ಸೀಳುತ್ತವೆ. ಪಿವಿಸಿ ಗಾಜಿನ ಹಾಗೆ ಚೂರುಚೂರಾಗಿ ಸಿಡಿಯುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಗೋದಾಮೊಂದರಲ್ಲಿ 1991ರ ನವೆಂಬರ್‌ನಲ್ಲಿ ಗಾಳಿಯ ಪಿವಿಸಿ ಪೈಪು ಸಿಡಿದಾಗ ಒಂದು ಚೂರು 60 ಅಡಿ ದೂರ ಹಾರಿ ಕಾಗದದ ಸುರುಳಿಯೊಂದರಲ್ಲಿ ನಾಟಿಕೊಂಡಿತ್ತು. ಅದಕ್ಕೂ ಮುಂಚೆ ಟೆಕ್ಸಾಸ್‌ನ ಕಾರ್ಖಾನೆಯೊಂದರಲ್ಲಿ ಇಂಥದೇ ಪೈಪು ಒಡೆದು ಕಾರ್ಮಿಕರೊಬ್ಬರಿಗೆ ಗಾಯವಾಗಿತ್ತು. ಆ ದೇಶದ ಕಾರ್ಮಿಕ ಸುರಕ್ಷತಾ ಇಲಾಖೆ 1988ರಲ್ಲಿ ಈ ಬಗ್ಗೆ ಎಚ್ಚರಿಕೆ ಹೊರಡಿಸಿತು. ಹೊರಗೆ ಕಾಣುವಂತೆ ಹಾಕಿದ ಗಾಳಿಯ ಲೈನಿಗೆ ಇಂಥ ಪ್ಲಾಸ್ಟಿಕ್ ಕೊಳವೆ ಬೇಡವೆಂದು ಅಲ್ಲಿನ ಪ್ಲಾಸ್ಟಿಕ್ ಪೈಪು ತಯಾರಕರ ಸಂಸ್ಥೆಯೇ 1972ರಲ್ಲಿ ಹೇಳಿತ್ತು. ಮಾರುವವರೇ ಬೇಡವೆಂದ ಮೇಲೆ ಕೊಳ್ಳುವವರು ವಾದ ಮಾಡುವುದರಲ್ಲಿ ಅರ್ಥವಿಲ್ಲ.

ಮುಂಡರಗಿ ಸೀಮೆಯ ಬಿಸಿಲು ಈ ಅಪಾಯವನ್ನು ಹೆಚ್ಚಿಸುತ್ತದೆ. 23 ಡಿಗ್ರಿಯಲ್ಲಿ ಪಿವಿಸಿ ತಡೆಯುವ ಒತ್ತಡ 43 ಡಿಗ್ರಿಯಲ್ಲಿ ಅರ್ಧಕ್ಕೆ ಇಳಿಯುತ್ತದೆ. 60 ಡಿಗ್ರಿಯಲ್ಲಿ ಕಾಲು ಭಾಗವೂ ಉಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಮಾಡಿನ ಕೆಳಗಿನ ಬಿಸಿ ಹೇಗಿರುತ್ತದೆ ಎಂಬುದನ್ನು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಅದರ ಮೇಲೆ ಕಂಪ್ರೆಸರ್‌ನಿಂದ ಹೊರಬೀಳುವ ಗಾಳಿಯೂ ಬಿಸಿಯಾಗಿಯೇ ಇರುತ್ತದೆ. ಬಿಸಿಲಿಗೆ ಬಿದ್ದ ಪೈಪು ವರ್ಷಗಳು ಕಳೆದಂತೆ ಪೆಡಸಾಗುತ್ತದೆ. ಕೆಲವು ಬಗೆಯ ಕಂಪ್ರೆಸರ್ ಎಣ್ಣೆ ಗಾಳಿಯೊಡನೆ ಸಾಗಿ ಪ್ಲಾಸ್ಟಿಕ್ಕನ್ನು ಒಳಗಿನಿಂದ ತಿನ್ನುತ್ತದೆ. ನಾಲ್ಕು ವರ್ಷ ಏನೂ ಆಗದ ಪೈಪು ಒಂದು ದಿನ ಸ್ಪ್ಯಾನರ್ ತಗುಲಿದ್ದೇ ನೆವವಾಗಿ ಸಿಡಿಯಬಹುದು. ಇಷ್ಟು ದಿನ ಏನೂ ಆಗಿಲ್ಲ ಎಂಬುದು ಧೈರ್ಯಕ್ಕೆ ಕಾರಣವಾಗಬಾರದು. ಬಿಸಿನೀರಿಗೆ ಬಳಸುವ ಸಿಪಿವಿಸಿಯೂ ಇದೇ ಜಾತಿಯದು, ಅದೂ ಬೇಡ.

ಹಾಗಾದರೆ ಯಾವುದು? ಸಣ್ಣ ಊರಿನ ಗ್ಯಾರೇಜಿಗೆ ಉಕ್ಕಿನ ಪೈಪೇ ಸುಲಭದ ದಾರಿ. ಐಎಸ್ 1239 ಗುರುತಿನ ಜಿ.ಐ. ಪೈಪಿನಲ್ಲಿ ಮೂರು ದರ್ಜೆಗಳಿವೆ: ಹಳದಿ ಪಟ್ಟಿಯದು ಹಗುರ, ನೀಲಿ ಪಟ್ಟಿಯದು ಮಧ್ಯಮ, ಕೆಂಪು ಪಟ್ಟಿಯದು ಭಾರಿ. ನೀಲಿ ಪಟ್ಟಿಯದು ಇಂಥ ಕೆಲಸಕ್ಕೆ ಧಾರಾಳವಾಗಿ ಸಾಕು. ಮರೆ ಹಾಕುವ ಪ್ಲಂಬರ್ ಎಲ್ಲ ಊರಲ್ಲೂ ಸಿಗುತ್ತಾನೆ. ತೂಕ ಹೆಚ್ಚು, ಒಳಗೆ ತುಕ್ಕು ಹಿಡಿಯುತ್ತದೆ ಎಂಬ ದೋಷಗಳು ನಿಜ. ಬಣ್ಣ ಸಿಂಪಡಿಸುವ ಕೆಲಸವಿದ್ದವರಿಗೆ ತುಕ್ಕಿನ ಪುಡಿ ತೊಂದರೆ ಕೊಡುತ್ತದೆ, ಅವರು ಫಿಲ್ಟರ್ ಹಾಕಿಕೊಳ್ಳಬೇಕು. ತಾಮ್ರ ಬಹಳ ಒಳ್ಳೆಯದು, ಆದರೆ ದುಬಾರಿ. ಗಾಳಿಗೆಂದೇ ತಯಾರಾಗುವ ಅಲ್ಯೂಮಿನಿಯಂ ಪೈಪು ಹಗುರ, ತುಕ್ಕಿಲ್ಲ, ಜೋಡಣೆಯೂ ಸುಲಭ. ದೊಡ್ಡ ವರ್ಕ್‌ಶಾಪ್‌ಗಳು ಅದನ್ನೇ ಹಾಕಿಸುತ್ತವೆ. ಉಳಿದ ಪ್ಲಾಸ್ಟಿಕ್ ಕೊಳವೆಗಳ ಮಟ್ಟಿಗೆ ನಿಯಮ ಒಂದೇ: ಒತ್ತಡದ ಗಾಳಿಗೆ ಯೋಗ್ಯವೆಂದು, ಯಾವ ಉಷ್ಣತೆಯಲ್ಲಿ ಎಷ್ಟು ಒತ್ತಡವೆಂದು ತಯಾರಕರು ಬರೆದು ಕೊಟ್ಟಿದ್ದರೆ ಸರಿ. ಅಂಗಡಿಯವರ ಬಾಯಿಮಾತು ಸಾಲದು.

ಹಾಕುವ ಕ್ರಮದಲ್ಲೂ ಗಮನಿಸಬೇಕಾದ್ದಿದೆ. ಕಂಪ್ರೆಸರ್ ನಡುಗುವ ಯಂತ್ರವಾದ್ದರಿಂದ ಅದಕ್ಕೂ ಗೋಡೆಯ ಪೈಪಿಗೂ ನಡುವೆ ಗಟ್ಟಿ ರಬ್ಬರ್ ಹೋಸ್ ಇರಬೇಕು, ಇಲ್ಲದಿದ್ದರೆ ಮರೆ ಸಡಿಲಾಗುತ್ತದೆ. ಗಾಳಿಯಲ್ಲಿನ ತೇವ ಪೈಪಿನಲ್ಲಿ ತಣಿದು ನೀರಾಗುವುದರಿಂದ ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಕೊಟ್ಟು, ತುದಿಯಲ್ಲಿ ನೀರು ಬಿಡುವ ವಾಲ್ವ್ ಇಡಬೇಕು. ಕವಲುಗಳನ್ನು ಪೈಪಿನ ಮೇಲ್ಭಾಗದಿಂದ ತೆಗೆದು ಕೆಳಗೆ ಬಾಗಿಸಿದರೆ ನೀರು ಉಪಕರಣಕ್ಕೆ ಇಳಿಯುವುದಿಲ್ಲ. ಹೊಸ ಲೈನನ್ನು ಮೊದಲು ಗಾಳಿ ತುಂಬಿ ಪರೀಕ್ಷಿಸುವ ರೂಢಿ ತಪ್ಪು. ಟ್ಯಾಂಕಿನಿಂದ ಬೇರ್ಪಡಿಸಿ, ನೀರು ತುಂಬಿ, ಕೈಪಂಪಿನಿಂದ ಒಂದೂವರೆ ಪಟ್ಟು ಒತ್ತಡ ಕೊಟ್ಟು ನೋಡಬೇಕು. ಆಮೇಲೆ ಗಾಳಿ ಬಿಟ್ಟು ಮರೆಗಳಿಗೆ ಸಾಬೂನಿನ ನೊರೆ ಹಚ್ಚಿದರೆ ಸೋರಿಕೆ ತಿಳಿಯುತ್ತದೆ. ಟ್ಯಾಂಕಿನ ತಳದ ನೀರನ್ನು ದಿನವೂ ಬಿಡಬೇಕು. ಟ್ಯಾಂಕು ತುಕ್ಕು ಹಿಡಿಯುವುದು ತಳದಿಂದಲೇ.

ಪಿವಿಸಿ ಲೈನ್ ಈಗಾಗಲೇ ಹಾಕಿಸಿದವರು ಉಕ್ಕಿನ ಪೈಪಿಗೆ ಹಣ ಕೂಡುವವರೆಗೆ ಕಾಯಬೇಕಾಗಿಲ್ಲ. ಟ್ಯಾಂಕಿನ ಗಾಳಿ ಪೂರ್ತಿ ಖಾಲಿ ಮಾಡಿ, ಲೈನ್ ಬಿಚ್ಚಿಟ್ಟು, ಒತ್ತಡದ ಗುರುತಿರುವ ಗಾಳಿಯ ರಬ್ಬರ್ ಹೋಸನ್ನು ಟ್ಯಾಂಕಿನ ವಾಲ್ವಿಗೇ ನೇರವಾಗಿ ಕ್ಲಿಪ್ ಹಾಕಿ ಬಿಗಿದರೆ ಕೆಲಸ ನಿಲ್ಲುವುದಿಲ್ಲ. ಬಿಚ್ಚಿದ ಪೈಪು ಮತ್ತೆ ಹೊಲದ ನೀರಿಗೆ ಬರುತ್ತದೆ.