ಒಂದೇ ಸರೋವರದ ಪಿಂಡು

ಮಧ್ಯ ಆಫ್ರಿಕಾದ ಕ್ಯಾಮರೂನಿನಲ್ಲಿ, ಕುಂಬಾ ಪಟ್ಟಣದ ಮಗ್ಗುಲಿಗೆ, ಆರಿದ ಜ್ವಾಲಾಮುಖಿಯ ಕುಳಿಯಲ್ಲಿ ನೀರು ತುಂಬಿ ಆದ ಸರೋವರ ಬರೊಂಬಿ ಎಂಬೊ. ಈ ದಡದಿಂದ ಆ ದಡಕ್ಕೆ ಎರಡೂವರೆ ಕಿಲೋಮೀಟರ್ ಕೂಡ ಇಲ್ಲ. ಆಳ ಮಾತ್ರ ನೂರು ಮೀಟರ್ ದಾಟುತ್ತದೆ. ಇಷ್ಟರಲ್ಲೇ, ಬೇರೆಲ್ಲೂ ಕಾಣದ 11 ಜಾತಿಯ ಸಿಕ್ಲಿಡ್ ಮೀನುಗಳಿವೆ. ಇವೆಲ್ಲ ಸರೋವರದೊಳಗೇ ಕವಲೊಡೆದವು ಎಂದು 1994ರಲ್ಲಿ ವಾದಿಸಿದ ಮೂವರು ವಿಜ್ಞಾನಿಗಳಲ್ಲಿ ಒಬ್ಬರು ಸ್ವಾಂಟೆ ಪಾಬೊ. 2022ರಲ್ಲಿ ಅವರಿಗೆ ನೊಬೆಲ್ ಬಂತು.

ಆ ಹನ್ನೊಂದರಲ್ಲಿ ಕಪ್ಪು ಮಖಮಲ್ಲಿನಂತಹ ಮೈಯ ಮೀನೇ ಪಿಂಡು. ಮೀನುತಜ್ಞೆ ಎಥೆಲ್‌ವಿನ್ ಟ್ರೆವಾವಸ್ 1972ರಲ್ಲಿ ಇದನ್ನು ವಿವರಿಸಿದರು. ನಮ್ಮ ಕೆರೆಗಳ ಜಿಲೇಬಿ ಮೀನಿಗೆ ಇದು ದೂರದ ನೆಂಟ; ಮರಿ ಮಾಡುವ ರೀತಿಯೂ ಅದರದೇ. ಹೆಣ್ಣು ಮೊಟ್ಟೆಯಿಟ್ಟು, ಅವನ್ನೆಲ್ಲ ಬಾಯೊಳಗೆ ತೆಗೆದುಕೊಳ್ಳುತ್ತದೆ. ಗಂಟಲು ಉಬ್ಬುತ್ತದೆ. ಎರಡು ಮೂರು ವಾರ ಅದು ತಿನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಆಗಾಗ ದವಡೆ ಆಡಿಸಿ ಮೊಟ್ಟೆಗಳನ್ನು ಮಗುಚುತ್ತದೆ, ಎಲ್ಲಕ್ಕೂ ನೀರು ತಾಗಲಿ ಎಂದು.

ತೊಟ್ಟಿಯಲ್ಲಿ ಸಾಕುವವರಿಗೆ ಕಷ್ಟವಿರುವುದು ಈ ಮರಿ ಮಾಡಿಸುವುದರಲ್ಲೇ. ಪಿಂಡುವಿನಲ್ಲಿ ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ತೆರ. ಹಾಗಾಗಿ ಆರೇಳು ಎಳೆಯ ಮೀನುಗಳನ್ನು ದೊಡ್ಡ ತೊಟ್ಟಿಗೆ ಬಿಟ್ಟು, ಜೋಡಿ ತಾನಾಗಿ ಮೂಡಲಿ ಎಂದು ಕಾಯುತ್ತಾರೆ. ಬಲಿಷ್ಠ ಮೀನು ದುರ್ಬಲವನ್ನು ಅಟ್ಟಾಡಿಸುತ್ತದೆ; ಕಲ್ಲು, ಮರದ ಕೊರಡುಗಳ ಮರೆ ಬೇಕೇ ಬೇಕು. ಬಾಯಿತುಂಬಿದ ತಾಯಿಯನ್ನು ಬಲೆಯಿಂದ ಹಿಡಿದು ಬೇರೆ ತೊಟ್ಟಿಗೆ ಹಾಕಿದರೆ ಗಾಬರಿಗೆ ಮೊಟ್ಟೆಗಳನ್ನು ಉಗುಳಲೂಬಹುದು, ನುಂಗಲೂಬಹುದು. ಕೆಲವರು ಮೊದಲೇ ಮೊಟ್ಟೆ ತೆಗೆದು, ಗಾಳಿಗುಳ್ಳೆ ಹಾಯಿಸಿದ ಪಾತ್ರೆಯಲ್ಲಿ ಮರಿ ಮಾಡುತ್ತಾರೆ. ಮರಿಗಳ ಲೆಕ್ಕಕ್ಕೆ ಅದು ಸರಿಯಿರಬಹುದು. ಆದರೂ ತಾಯಿಯನ್ನು ಅದರ ಪಾಡಿಗೆ ಬಿಡುವುದೇ ಮೇಲು. ಬಾಯಲ್ಲಿ ಮರಿ ಹೊರುವ ಗುಣವೂ ಉಳಿಯಬೇಕಾದ್ದೇ.

ಈ ಶ್ರಮಕ್ಕೆ ಕಾರಣವಿದೆ. ಸುತ್ತಲ ಕಾಡು ಕಡಿದ ಮಣ್ಣು ಸರೋವರಕ್ಕೆ ಇಳಿಯುತ್ತಿದೆ, ಮೀನುಗಾರಿಕೆಯ ಒತ್ತಡವೂ ಇದೆ. ಪಿಂಡುವಿಗಿರುವುದು ಒಂದೇ ನೆಲೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಅದು ಅತ್ಯಂತ ಅಪಾಯದ ಅಂಚಿನಲ್ಲಿದೆ.

'ಕೇರ್ಸ್' ಎಂಬ ಹವ್ಯಾಸಿಗಳ ಸಂರಕ್ಷಣಾ ಯೋಜನೆ ಇಂಥ ಮೀನುಗಳನ್ನು ಮನೆತೊಟ್ಟಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಉಳಿಸಲು ಉತ್ತೇಜಿಸುತ್ತದೆ. ಪಿಂಡು ಮತ್ತು ಅದೇ ಸರೋವರದ ಮರಿಯೆ, ಮೊಂಗೊ ಎಂಬ ಮೀನುಗಳು ಒಂದೇ ಕುಲದವು, ಬೆರೆತರೆ ತಳಿ ಕೆಡುತ್ತದೆ. ಜವಾಬ್ದಾರಿಯುಳ್ಳವರು ಒಂದು ತೊಟ್ಟಿಗೆ ಒಂದೇ ಜಾತಿಯನ್ನು ಬಿಡುತ್ತಾರೆ. ಮರಿ ಕೊಡುವಾಗ ಅದರ ಮೂಲ ಯಾವುದೆಂದು ಬರೆದೂ ಕೊಡುತ್ತಾರೆ.