ಸರ್ಪಸುತ್ತು: ಹೆಸರು ಹಾವಿನದು, ಕಾಟ ವೈರಸ್ಸಿನದು

ಸೊಂಟದ ಬಲಬದಿಯಲ್ಲಿ ಎರಡು ದಿನದಿಂದ ಉರಿ. ಕೊಳ್ಳಿ ಇಟ್ಟ ಹಾಗೆ. ಬಟ್ಟೆ ತಾಗಿದರೂ ಸಹಿಸಲಾಗದು. ಮೂರನೆಯ ದಿನ ಅದೇ ಜಾಗದಲ್ಲಿ ಚರ್ಮ ಕೆಂಪಾಗಿ, ಅದರ ಮೇಲೆ ಮುತ್ತು ಪೋಣಿಸಿದಂತೆ ನೀರ್ಗುಳ್ಳೆಗಳ ಸಾಲು. ಬೆನ್ನಿನಿಂದ ಹೊರಟು ಹೊಟ್ಟೆಯ ಕಡೆಗೆ ಹರಿದು ಬಂದಿರುತ್ತದೆ. ಮನೆಯ ಹಿರಿಯರು ನೋಡಿದ ಕೂಡಲೇ ಹೇಳುತ್ತಾರೆ: "ಇದು ಸರ್ಪಸುತ್ತು." ಹೀಗೆ ಹೇಳುವವರು ತಪ್ಪುವುದು ಕಡಿಮೆ. ಈ ರೋಗವನ್ನು ಗುರುತಿಸುವುದರಲ್ಲಿ ನಮ್ಮ ಅಜ್ಜಿಯಂದಿರು ಗಟ್ಟಿಗರು. ತೊಂದರೆ ಶುರುವಾಗುವುದು ಅನಂತರ.

ಏಕೆಂದರೆ ಎರಡನೆಯ ಮಾತೂ ಕೂಡಲೇ ಬರುತ್ತದೆ: "ಹಾವಿನ ತಲೆಯೂ ಬಾಲವೂ ಕೂಡಿದರೆ ಜೀವಕ್ಕೇ ಸಂಚಕಾರ." ಗಾಬರಿಯಲ್ಲಿ ಓಡಾಟ ಆರಂಭವಾಗುತ್ತದೆ. ಒಬ್ಬರು ಕೆಮ್ಮಣ್ಣು ಹಚ್ಚಲು ಹೇಳುತ್ತಾರೆ, ಇನ್ನೊಬ್ಬರು ಮದ್ದು ಬರೆಯುವವರ ವಿಳಾಸ ಕೊಡುತ್ತಾರೆ, ಮತ್ತೊಬ್ಬರು ಜಾತಕ ಹಿಡಿದು ನಾಗದೋಷ ಹುಡುಕುತ್ತಾರೆ. ಇಷ್ಟರಲ್ಲಿ ನಾಲ್ಕೈದು ದಿನ ಕಳೆದಿರುತ್ತದೆ. ಚಿಕಿತ್ಸೆಯ ದೃಷ್ಟಿಯಿಂದ ಈ ರೋಗದಲ್ಲಿ ಅತ್ಯಂತ ಬೆಲೆಬಾಳುವ ದಿನಗಳೇ ಅವು.

ವೈದ್ಯರ ಚೀಟಿಯಲ್ಲಿ ಇದರ ಹೆಸರು ಹರ್ಪಿಸ್ ಜೋಸ್ಟರ್. ಎರಡೂ ಗ್ರೀಕ್ ಪದಗಳು. ಗ್ರೀಕ್ ಭಾಷೆಯಲ್ಲಿ 'ಹೆರ್ಪೊ' ಎಂದರೆ ತೆವಳುತ್ತೇನೆ ಎಂದರ್ಥ. ಸಂಸ್ಕೃತದ 'ಸರ್ಪ'ದ ಅರ್ಥವೂ ತೆವಳುವಂಥದು ಎಂದೇ. ಎರಡೂ ಒಂದೇ ಮೂಲದಿಂದ ಬಂದ ಮಾತುಗಳು. ಸಂಸ್ಕೃತದ 'ಸಪ್ತ' ಗ್ರೀಕಿನಲ್ಲಿ 'ಹೆಪ್ಟ' ಆದಂತೆ, ನಮ್ಮ 'ಸ'ಕಾರ ಅಲ್ಲಿ 'ಹ'ಕಾರವಾಗಿದೆ, ಅಷ್ಟೆ. ಇನ್ನು 'ಜೋಸ್ಟರ್' ಎಂದರೆ ಯೋಧರು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಪಟ್ಟಿ. ಎರಡನ್ನೂ ಸೇರಿಸಿದರೆ ಏನಾಯಿತು? ಸರ್ಪಸುತ್ತು! ಏಜಿಯನ್ ಸಮುದ್ರದ ದಡದವರೂ ಅರಬ್ಬೀ ಸಮುದ್ರದ ದಡದವರೂ ಒಂದೇ ರೋಗವನ್ನು ಕಂಡು ಹೆಚ್ಚುಕಡಿಮೆ ಒಂದೇ ಹೆಸರಿಟ್ಟಿದ್ದಾರೆ.

ಗ್ರೀಕ್ ಪುರಾಣದಲ್ಲಿ ಈ ಜೋಸ್ಟರ್‌ಗೆ ಒಂದು ಕಥೆಯೂ ಇದೆ. ನಮ್ಮ ಭೀಮನಂಥ ಬಲಶಾಲಿ ಹೆರಾಕ್ಲಿಸ್‌ಗೆ ಹನ್ನೆರಡು ಕಠಿಣ ಕೆಲಸಗಳನ್ನು ವಿಧಿಸಲಾಗಿತ್ತು. ಒಂಬತ್ತನೆಯದು, ಅಮೆಜಾನ್ ಎಂಬ ಯೋಧ ಸ್ತ್ರೀಯರ ರಾಣಿ ಹಿಪ್ಪೋಲಿಟೆಯ ಸೊಂಟಪಟ್ಟಿಯನ್ನು ತರುವುದು. ಆ ಪಟ್ಟಿಯೇ ಜೋಸ್ಟರ್. ರಾಜನ ಮಗಳಿಗೆ ಅದರ ಮೇಲೆ ಆಸೆಯಾಯಿತಂತೆ. ಈಗ ಆ ಪಟ್ಟಿ ಯಾರಿಗೂ ಬೇಡ.

ಅಂದಹಾಗೆ ಗ್ರೀಕರ ಮತ್ತು ನಮ್ಮ ಕರಾವಳಿಯ ನಂಟು ಹೊಸದೇನಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ ಒಂದು ಪುರಾತನ ಗ್ರೀಕ್ ಪ್ರಹಸನದಲ್ಲಿ ಅರ್ಥವಾಗದ ಮಾತುಗಳಿದ್ದವು. ಅವು ಕನ್ನಡವಿರಬಹುದು ಎಂದು 1904ರಲ್ಲಿ ಹುಲ್ಟ್ಸ್ ಎಂಬ ವಿದ್ವಾಂಸರು ಸೂಚಿಸಿದರು. ತುಳು ಎಂದವರೂ ಇದ್ದಾರೆ. ಅದರಲ್ಲಿ ಉಡುಪಿಯ ಪಕ್ಕದ ಮಲ್ಪೆಯ ಹೆಸರನ್ನು ಕಂಡವರೂ ಇದ್ದಾರೆ. ಆ ವಾದ ವಿದ್ವಾಂಸರಿಗಿರಲಿ.

ತಲೆ-ಬಾಲ ಕೂಡುವ ಭಯವೂ ನಮ್ಮದು ಮಾತ್ರ ಅಲ್ಲ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತ ರೋಮನ್ ಲೇಖಕ ಪ್ಲಿನಿ, ಜೋಸ್ಟರ್ ಎಂಬ ಈ ರೋಗ ಸೊಂಟವನ್ನು ಪೂರ್ತಿ ಸುತ್ತಿದರೆ ಮನುಷ್ಯ ಸಾಯುತ್ತಾನೆ ಎಂದು ಬರೆದಿಟ್ಟಿದ್ದಾನೆ. ಎರಡು ಸಾವಿರ ವರ್ಷಗಳಿಂದ ಜನ ಹೆದರುತ್ತಲೇ ಬಂದಿದ್ದಾರೆ. ಆದರೆ ಸಾಮಾನ್ಯವಾಗಿ ಈ ಹಾವು ಸುತ್ತು ಮುಗಿಸುವುದೇ ಇಲ್ಲ. ಬೆನ್ನುಹುರಿಯಿಂದ ಹೊರಡುವ ನರಗಳು ಜೋಡಿ ಜೋಡಿಯಾಗಿವೆ. ಬಲಗಡೆಯದು ಬಲಕ್ಕೆ, ಎಡಗಡೆಯದು ಎಡಕ್ಕೆ. ರೋಗ ಹಿಡಿಯುವುದು ಒಂದು ಬದಿಯ ಒಂದು ನರವನ್ನು, ಅಪರೂಪಕ್ಕೆ ಪಕ್ಕದ ಇನ್ನೊಂದನ್ನು. ಆ ನರದ ಸರಹದ್ದು ಮೈಯ ನಡುಗೆರೆಯಲ್ಲಿ ಮುಗಿಯುತ್ತದೆ, ಗುಳ್ಳೆಗಳೂ ಅಲ್ಲಿಗೇ ನಿಲ್ಲುತ್ತವೆ. 1432ರಲ್ಲಿ ಸ್ಥಾಪನೆಯಾದ ಕಾರ್ಕಳದ 42 ಅಡಿಯ ಬಾಹುಬಲಿಯ ತೋಳು ತೊಡೆಗಳಿಗೆ ಬಳ್ಳಿ ಹಬ್ಬಿರುವುದನ್ನು ನೋಡಿರಬಹುದು. ನಮ್ಮ ಮೈಯೊಳಗೆ ನರವೂ ಹಾಗೆಯೇ ಹಬ್ಬಿದೆ. ಗುಳ್ಳೆಗಳು ಆ ಬಳ್ಳಿಯಲ್ಲಿ ಬಿಟ್ಟ ಹೂಗಳೆಂದುಕೊಳ್ಳಿ. ಎರಡೂ ಬದಿಗೆ ಅಥವಾ ಮೈತುಂಬ ಗುಳ್ಳೆ ಹರಡಿದರೆ ಮಾತ್ರ ದೇಹದ ರೋಗನಿರೋಧಕ ಶಕ್ತಿ ತೀರಾ ಕುಗ್ಗಿದೆ ಎಂಬ ಸಂಶಯ ಬರಬೇಕು. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಬಂಡೆಯ ಕೆಳಗಿನ ತಲೆ

ಈ ರೋಗ ಬರುವುದು ಹಾವನ್ನು ಕೊಂದದ್ದರಿಂದಲ್ಲ, ಹಾವು ಮೈಮೇಲೆ ಹರಿದದ್ದರಿಂದಲೂ ಅಲ್ಲ. ಬಾಲ್ಯದಲ್ಲಿ ಬಂದು ಹೋದ ಸೀತಾಳೆ ಸಿಡುಬು, ಅಂದರೆ ಚಿಕನ್‌ಪಾಕ್ಸ್‌ನ ವೈರಸ್ಸೇ ಇದಕ್ಕೆ ಕಾರಣ. ಮತ್ತೆ ಹೆರಾಕ್ಲಿಸ್‌ನ ಕಥೆಗೆ ಬರಬೇಕು. ಅವನ ಎರಡನೆಯ ಕೆಲಸ ಹೈಡ್ರಾ ಎಂಬ ಹಲವು ತಲೆಗಳ ನೀರುಹಾವನ್ನು ಕೊಲ್ಲುವುದು. ಒಂದು ತಲೆ ಕಡಿದರೆ ಎರಡು ಹುಟ್ಟುತ್ತಿದ್ದವು. ಸೋದರನ ಮಗ ಇಯೊಲಾಸ್ ಕಡಿದ ಜಾಗವನ್ನು ಬೆಂಕಿಯಿಂದ ಸುಡುತ್ತಾ ಹೋದ ಮೇಲೆ ತಲೆಗಳು ಹುಟ್ಟುವುದು ನಿಂತಿತು. ಆದರೆ ನಡುವಿನ ತಲೆಗೆ ಸಾವೇ ಇರಲಿಲ್ಲ. ಹೆರಾಕ್ಲಿಸ್ ಅದನ್ನು ಕಡಿದು, ನೆಲದಲ್ಲಿ ಹೂತು, ಮೇಲೊಂದು ಭಾರಿ ಬಂಡೆ ಎಳೆದು ಹೋದ.

ಚಿಕನ್‌ಪಾಕ್ಸ್‌ನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಮೈಮೇಲಿನ ಗುಳ್ಳೆಗಳೆಲ್ಲ ಒಣಗಿ ಉದುರುತ್ತವೆ. ಮಗು ಶಾಲೆಗೆ ಹೋಗುತ್ತದೆ. ಆದರೆ ವೈರಸ್ ಪೂರ್ತಿ ಸಾಯುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅಡಗಿ ನಿದ್ರಿಸುತ್ತದೆ. ಮೇಲಿನ ಬಂಡೆ ನಮ್ಮ ರೋಗನಿರೋಧಕ ಶಕ್ತಿ. ಕಾರ್ಕಳದ ಕರಿಬಂಡೆಯಷ್ಟು ಗಟ್ಟಿಯಾಗಿ ಅದು ನಲವತ್ತು ಐವತ್ತು ವರ್ಷ ಕೂತಿರುತ್ತದೆ. ವಯಸ್ಸಾದಂತೆ, ಅಥವಾ ಮಧುಮೇಹ, ಕ್ಯಾನ್ಸರ್, ಎಚ್.ಐ.ವಿ., ದೀರ್ಘಕಾಲದ ಸ್ಟಿರಾಯ್ಡ್ ಮಾತ್ರೆ ಮುಂತಾದ ಕಾರಣಗಳಿಂದ ಬಂಡೆ ಸಡಿಲವಾದರೆ ತಲೆ ಮೇಲೇಳುತ್ತದೆ. ನರದ ಗುಂಟ ಹರಿದು ಚರ್ಮಕ್ಕೆ ಬರುತ್ತದೆ. ಗುಳ್ಳೆಗೆ ಮೊದಲೇ ನೋವು ಬರುವುದು ಇದಕ್ಕಾಗಿಯೇ. ಈ ಹಂತದಲ್ಲಿ ಹೃದಯದ ನೋವೆಂದೋ ಅಪೆಂಡಿಕ್ಸ್ ಎಂದೋ ವೈದ್ಯರೂ ಮೋಸ ಹೋಗುವುದುಂಟು. ಹೀಗೆ ಹಳೆಯ ವೈರಸ್ಸೇ ಎಚ್ಚರಗೊಳ್ಳುತ್ತದೆ ಎಂಬ ವಿವರಣೆಯನ್ನು 1965ರಲ್ಲಿ ಮುಂದಿಟ್ಟವರು ಹೋಪ್-ಸಿಂಪ್ಸನ್ ಎಂಬ ಇಂಗ್ಲೆಂಡಿನ ಒಬ್ಬ ಸಾಮಾನ್ಯ ಕುಟುಂಬ ವೈದ್ಯರು.

ಕಾಪುವಿನಲ್ಲಿ ಮೂರು ಮಾರಿಗುಡಿಗಳಿವೆ. ಸಿಡುಬು ಊರೂರು ಬಳಿಯುತ್ತಿದ್ದ ಕಾಲದಲ್ಲಿ ನಮ್ಮ ನಾಡಿನ ಜನ, ರೋಗ ಕೊಡುವವಳೂ ಅದನ್ನು ಹಿಂದಕ್ಕೆ ಪಡೆಯುವವಳೂ ಮಾರಿಯೇ ಎಂದು ನಂಬಿ ಹರಕೆ ಹೊತ್ತರು. ಗ್ರೀಕರ ಅಪೊಲೊ ಕೂಡ ಇಂಥವನೇ. ಹೋಮರನ ಇಲಿಯಡ್ ಕಾವ್ಯದ ಆರಂಭದಲ್ಲಿ ಬಾಣ ಬಿಟ್ಟು ಸೈನ್ಯಕ್ಕೆ ಮಾರಿಬೇನೆ ತರುವವನು ಅವನು. ವೈದ್ಯದೇವತೆ ಅಸ್ಕ್ಲೀಪಿಯಸ್‌ನ ತಂದೆಯೂ ಅವನೇ. ಈ ಅಸ್ಕ್ಲೀಪಿಯಸ್‌ನ ಕೋಲಿಗೆ ಸುತ್ತಿದ ಒಂದು ಹಾವನ್ನು ವಿಶ್ವ ಆರೋಗ್ಯ ಸಂಸ್ಥೆಯ ಲಾಂಛನದಲ್ಲಿ ಕಾಣಬಹುದು. ಅವನ ದೇಗುಲಗಳಲ್ಲಿ ರೋಗಿಗಳು ರಾತ್ರಿ ಮಲಗುತ್ತಿದ್ದರು, ವಿಷವಿಲ್ಲದ ಹಾವುಗಳು ಅಲ್ಲೇ ಓಡಾಡಿಕೊಂಡಿರುತ್ತಿದ್ದವು. ಕೆಲವು ಕಡೆ ವೈದ್ಯಕೀಯ ಚಿಹ್ನೆಯೆಂದು ನಮ್ಮ ನಾಗನಕಲ್ಲಿನಂತೆ ಹೆಣೆದುಕೊಂಡ ಜೋಡಿ ಹಾವುಗಳನ್ನು ಬಿಡಿಸುತ್ತಾರೆ. ಅದು ತಪ್ಪು. ಜೋಡಿ ಹಾವಿನ ಕೋಲು ವ್ಯಾಪಾರಿಗಳ ಮತ್ತು ಕಳ್ಳರ ದೇವರಾದ ಹರ್ಮಿಸ್‌ನದು. ಆಸ್ಪತ್ರೆಯ ಬಿಲ್ಲು ನೋಡಿದವರು ತಪ್ಪೇನಿಲ್ಲ ಎನ್ನಬಹುದು!

ಮೂರು ದಿನದ ಲೆಕ್ಕ

ಸರ್ಪಸುತ್ತಿನ ಗುಳ್ಳೆಗಳು ಏಳರಿಂದ ಹತ್ತು ದಿನಗಳಲ್ಲಿ ತಾವಾಗಿಯೇ ಒಣಗುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ಮಾಯುತ್ತವೆ. ಆದ್ದರಿಂದ ಕೆಮ್ಮಣ್ಣು ಹಚ್ಚಿದರೂ ಗುಣ, ಹಚ್ಚದಿದ್ದರೂ ಗುಣ. ಮದ್ದಿಗೆ ಹೆಸರು ಬರುವುದು ಹೀಗೆ. ಆದರೆ ಹಲವರಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ, ಗಾಯ ಮಾಯ್ದರೂ ನೋವು ಹೋಗುವುದಿಲ್ಲ. ಹಾನಿಗೊಂಡ ನರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉರಿಯುತ್ತಿರುತ್ತದೆ. ರಾತ್ರಿ ನಿದ್ದೆಯಿಲ್ಲ, ರವಿಕೆ ತೊಡಲಾಗದು, ಮೊಮ್ಮಗು ತೊಡೆಯೇರಿದರೂ ಬೇಡವೆನಿಸುತ್ತದೆ. ನನ್ನಲ್ಲಿಗೆ ಬರುವವರಲ್ಲಿ ಹೆಚ್ಚು ಸಂಕಟಪಡುವವರು ಗುಳ್ಳೆ ಇದ್ದವರಲ್ಲ, ಗುಳ್ಳೆ ಹೋಗಿ ಆರು ತಿಂಗಳಾದವರು. "ಆಗಲೇ ಬರಬಾರದಿತ್ತೇ?" ಎಂದು ಕೇಳುವುದಕ್ಕೂ ಮನಸ್ಸು ಬರುವುದಿಲ್ಲ.

ವೈರಸ್ ಬೆಳೆಯುವುದನ್ನು ತಡೆಯುವ ಎಸಿಕ್ಲೊವಿರ್, ವಾಲಾಸಿಕ್ಲೊವಿರ್‌ನಂಥ ಮಾತ್ರೆಗಳಿವೆ. ಎಸಿಕ್ಲೊವಿರ್ ಬಂದದ್ದು ಗರ್ಟ್ರೂಡ್ ಎಲಿಯನ್ ಅವರ ಪ್ರಯೋಗಾಲಯದಿಂದ; ಆಕೆಗೆ 1988ರಲ್ಲಿ ನೊಬೆಲ್ ಬಹುಮಾನ ಬಂತು. ಗುಳ್ಳೆ ಕಾಣಿಸಿದ 72 ಗಂಟೆಗಳೊಳಗೆ ಮಾತ್ರೆ ಶುರುಮಾಡಿದರೆ ರೋಗದ ಬಿರುಸು ತಗ್ಗುತ್ತದೆ, ಗಾಯ ಬೇಗ ಒಣಗುತ್ತದೆ, ಆ ವೇಳೆಯ ನೋವೂ ಕಡಿಮೆ. ಸಾಮಾನ್ಯವಾಗಿ ಏಳು ದಿನ ತೆಗೆದುಕೊಳ್ಳಬೇಕಾಗುತ್ತದೆ. ಕಿಡ್ನಿ ತೊಂದರೆಯಿದ್ದವರಿಗೆ ಪ್ರಮಾಣ ಬೇರೆ. ಆದ್ದರಿಂದ ಅಂಗಡಿಯಿಂದ ನೀವೇ ಕೊಂಡು ನುಂಗಬೇಡಿ. ಮೂರು ದಿನ ದಾಟಿದರೂ ಹೊಸ ಗುಳ್ಳೆ ಏಳುತ್ತಿದ್ದರೆ ವೈದ್ಯರು ಮಾತ್ರೆ ಕೊಡುವುದುಂಟು. ಉಳಿದುಬಿಟ್ಟ ನರನೋವಿಗೂ ಬೇರೆಯೇ ಮಾತ್ರೆಗಳಿವೆ, ಸುಮ್ಮನೆ ಸಹಿಸಿಕೊಂಡಿರಬೇಕಿಲ್ಲ.

ಉಡುಪಿಯ ನಾಲ್ಕು ದಿಕ್ಕುಗಳಲ್ಲಿ ಮುಚ್ಲುಕೋಡು, ಅರಿತೋಡು, ಮಾಂಗೋಡು, ತಾಂಗೋಡು ಎಂಬ ನಾಲ್ಕು ಸುಬ್ರಹ್ಮಣ್ಯ ಸನ್ನಿಧಿಗಳಿರುವ ಈ ನೆಲದಲ್ಲಿ ನಾಗನ ಮೇಲಿನ ಭಕ್ತಿಯನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೆ ಕೇಳುವವರೂ ಇಲ್ಲ. ನನ್ನ ವಿನಂತಿ ಇಷ್ಟೆ: ಆಶ್ಲೇಷಾ ಬಲಿಯನ್ನು ಮುಂದಿನ ವಾರವೂ ಮಾಡಿಸಬಹುದು, ಮಾತ್ರೆಯನ್ನು ಮುಂದಿನ ವಾರ ನುಂಗಿದರೆ ಪ್ರಯೋಜನ ಕಡಿಮೆ.

ಗುಳ್ಳೆ ಹಣೆಯಲ್ಲೋ ಕಣ್ಣಿನ ಸುತ್ತಲೋ ಎದ್ದರೆ ಮೂರು ದಿನದ ಲೆಕ್ಕವೂ ಬೇಡ, ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಮೂಗಿನ ತುದಿಯಲ್ಲಿ ಒಂದೇ ಒಂದು ಗುಳ್ಳೆ ಕಂಡರೂ ಹಾಗೆಯೇ. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆ. ಮಣ್ಣು, ಸೊಪ್ಪಿನ ರಸ ಕಣ್ಣಿನ ಬಳಿಗೆ ಸುಳಿಯಲೇಬಾರದು. ಗ್ರೀಕ್ ಪುರಾಣದ ಸೈಕ್ಲಾಪ್ಸ್ ಎಂಬ ದೈತ್ಯರಿಗೆ ಇದ್ದದ್ದೇ ಒಂದು ಕಣ್ಣು. ಎರಡಿದ್ದವರು ಒಂದನ್ನು ಕಳೆದುಕೊಳ್ಳುವುದು ಏಕೆ? ಕಿವಿಯಲ್ಲಿ ಗುಳ್ಳೆ ಎದ್ದು ಬಾಯಿ ಸೊಟ್ಟಗಾದರೂ ತುರ್ತು ಚಿಕಿತ್ಸೆ ಬೇಕು.

ಇನ್ನೊಂದು ಮುಜುಗರದ ವಿಷಯ. ಚೀಟಿಯಲ್ಲಿ 'ಹರ್ಪಿಸ್' ಎಂದು ಓದಿದ ಮಕ್ಕಳು ಅದನ್ನು ಗುಹ್ಯರೋಗವೆಂದು ಭಾವಿಸಿ ತಂದೆಯನ್ನು ಅನುಮಾನದಿಂದ ನೋಡಿದ್ದುಂಟು. ಅದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ಬೇರೆ ವೈರಸ್. ಹೆಸರಿನ ಸಂಬಂಧ ಬಿಟ್ಟರೆ ಸರ್ಪಸುತ್ತಿಗೂ ನಡತೆಗೂ ಏನೂ ಸಂಬಂಧವಿಲ್ಲ.

ಮನೆಯವರಿಗೆ ಅಂಟುತ್ತದೆಯೇ ಎಂದು ಹಲವರು ಕೇಳುತ್ತಾರೆ. ಸರ್ಪಸುತ್ತಾಗಿ ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಬಾರದವರಿಗೆ ಚಿಕನ್‌ಪಾಕ್ಸ್ ಬರಬಹುದು. ಗುಳ್ಳೆ ಒಣಗುವವರೆಗೆ ಅದರ ಮೇಲೆ ಶುಭ್ರ ಬಟ್ಟೆ ಹೊದಿಸಿ. ಹಸುಗೂಸುಗಳಿಂದಲೂ ಚಿಕನ್‌ಪಾಕ್ಸ್ ಬಾರದ ಗರ್ಭಿಣಿಯರಿಂದಲೂ ದೂರವಿರಿ. ಸ್ನಾನ ಬಿಡಬೇಕಿಲ್ಲ. ಮೀನು, ಉಪ್ಪು, ಹುಳಿ ಬಿಡಬೇಕೆಂಬ ಪಥ್ಯಕ್ಕೂ ಆಧಾರವಿಲ್ಲ. ಮೊದಲೇ ಬಳಲಿದ ವೃದ್ಧರಿಗೆ ಗಂಜಿನೀರು ಮಾತ್ರ ಕೊಟ್ಟು ಇನ್ನಷ್ಟು ಸೊರಗಿಸಬೇಡಿ.

ಐವತ್ತು ದಾಟಿದವರಿಗೆ ಈಗ ಲಸಿಕೆಯೂ ಇದೆ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಈ ಲಸಿಕೆ 2023ರಲ್ಲಿ ನಮ್ಮ ದೇಶಕ್ಕೂ ಬಂತು. ಎರಡರಿಂದ ಆರು ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು. ಪರೀಕ್ಷೆಗಳಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ರಕ್ಷಣೆ ಕಂಡುಬಂದಿದೆ. ಬೆಲೆ ಮಾತ್ರ ದುಬಾರಿ, ಎಲ್ಲರ ಕೈಗೆಟಕುವಂಥದಲ್ಲ. ಒಮ್ಮೆ ಸರ್ಪಸುತ್ತು ಬಂದವರೂ ಇದನ್ನು ಹಾಕಿಸಿಕೊಳ್ಳಬಹುದು. ಆದರೆ ಗುಳ್ಳೆಗಳು ಪೂರ್ತಿ ಮಾಯ್ದ ಮೇಲೆ, ವೈದ್ಯರನ್ನು ಕೇಳಿಯೇ.